ಅಡುಗೆಮನೆಯ ನೀರಿನಲ್ಲಿ ವಿಜ್ಞಾನ ಕಂಡ ಆಗ್ನೆಸ್ ಪೋಕೆಲ್ಸ್

ಸಿಂಧನೂರು ಕಡೆ ಬೆಳೆದವರಿಗೆ ಗದ್ದೆಯಲ್ಲಿ ನಿಂತ ನೀರು ಹೊಸದೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂದ್ರೆ ಸಾಕು, ನಾಟಿಗೆ ಮುಂಚೆ ಭತ್ತದ ಗದ್ದೆಗಳೆಲ್ಲ ಕನ್ನಡಿ ಹಾಸಿದ ಹಾಗೆ ಕಾಣ್ತಾವೆ. ಕೆಸರಿಗೆ ಇಳಿದ ಟ್ರ್ಯಾಕ್ಟರ್‌ನಿಂದ ಒಂದೇ ಒಂದು ಹನಿ ಡೀಸೆಲ್ ಸೋರಿದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹರಡಿ, ನೀರಿನ ಮೇಲೆ ಕಾಮನಬಿಲ್ಲು ಬಿದ್ದ ಹಾಗೆ ಬಣ್ಣ ಬಣ್ಣ ಆಗುತ್ತೆ. ಸ್ವಲ್ಪ ಹೊತ್ತಿಗೆ ಬಣ್ಣ ಮಾಯ. ಎಣ್ಣೆ ಎಲ್ಲಿ ಹೋಯ್ತು? ಎಷ್ಟು ತೆಳ್ಳಗಾಯ್ತು? ಅಲ್ಲೇ ನಿಂತು ಇದನ್ನು ಕೇಳಿದವರು ಕಡಿಮೆ.

ನಾವು ಮೂವರು. ಒಬ್ಬರ ಊರು ಸಿಂಧನೂರು, ಇನ್ನೊಬ್ಬರದು ಲಿಂಗಸುಗೂರು, ಮತ್ತೊಬ್ಬರದು ಮಸ್ಕಿ. ಈ ಸಂಚಿಕೆಗೆ ಒಬ್ಬ ದೊಡ್ಡವರ ಜೀವನ ಬರೆಯೋಣ ಅಂತ ಕೂತಾಗ ಮೊದಲು ಬಂದ ಹೆಸರುಗಳು ಎಲ್ಲರಿಗೂ ಗೊತ್ತಿರುವಂಥವೇ. ಅವರ ಬಗ್ಗೆ ನಮ್ಮ ಪತ್ರಿಕೆಯಲ್ಲೇ ಹಲವು ಸಲ ಬಂದಿದೆ. ಕೊನೆಗೆ ನಾವು ಆರಿಸಿಕೊಂಡಿದ್ದು ಆಗ್ನೆಸ್ ಪೋಕೆಲ್ಸ್ ಅವರನ್ನು. ಮೇಲ್ಮೈಗಳ ವಿಜ್ಞಾನ, ಅಂದರೆ ಸರ್ಫೇಸ್ ಸೈನ್ಸ್ ಓದುವವರಿಗೆ ಇದು ಚೆನ್ನಾಗಿ ಗೊತ್ತಿರುವ ಹೆಸರು. ಜೀವಕೋಶ, ಪ್ರೋಟೀನ್ ಇವುಗಳನ್ನು ಅಭ್ಯಾಸ ಮಾಡೋದಕ್ಕೆ ಇವತ್ತು ವಿಜ್ಞಾನಿಗಳು ಒಂದೇ ಒಂದು ಅಣುವಿನಷ್ಟು ದಪ್ಪದ ಪದರಗಳನ್ನು ಬೇಕಾದ ಹಾಗೆ ಕಟ್ಟುತ್ತಾರಲ್ಲ, ಆ ದಾರಿ ಹಿಡಿದು ಹಿಂದಕ್ಕೆ ನಡೆದರೆ ಕೊನೆಗೆ ಸಿಗೋದು ಜರ್ಮನಿಯ ಒಂದು ಅಡುಗೆಮನೆ. ಅಲ್ಲಿ ಬಾಂಡೆ ತೊಳೆಯುತ್ತಿದ್ದ ಹುಡುಗಿಗೆ ಆಗ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ನಮಗಿರೋದು, ಅವರಿಗಿಲ್ಲದ್ದು ಒಂದೇ: ಕಾಲೇಜಿನ ಗೇಟು ನಮಗೆ ತೆರೆದಿತ್ತು.

ವೆನಿಸ್‌ನಿಂದ ಬ್ರೌನ್‌ಶ್ವೈಗ್‌ಗೆ

ಆಗ್ನೆಸ್ ಹುಟ್ಟಿದ್ದು 1862ರ ಫೆಬ್ರುವರಿ 14ರಂದು, ವೆನಿಸ್ ನಗರದಲ್ಲಿ. ವೆನಿಸ್ ಈಗ ಇಟಲಿಯಲ್ಲಿದೆ, ಆಗ ಆಸ್ಟ್ರಿಯಾ ಸಾಮ್ರಾಜ್ಯದ ಕೈಯಲ್ಲಿತ್ತು. ತಂದೆ ಥಿಯೋಡೋರ್ ಪೋಕೆಲ್ಸ್ ಆಸ್ಟ್ರಿಯಾ ಸೈನ್ಯದಲ್ಲಿದ್ದವರು. ಉತ್ತರ ಇಟಲಿಯಲ್ಲಿ ಆಗ ಮಲೇರಿಯಾ ಹಾವಳಿ. ಇಡೀ ಮನೆಯವರ ಆರೋಗ್ಯ ಅದರಿಂದ ಕೆಟ್ಟಿತು. ತಂದೆ ಅವಧಿಗೆ ಮುಂಚೆಯೇ ಸೈನ್ಯದಿಂದ ನಿವೃತ್ತಿ ಪಡೆಯಬೇಕಾಯಿತು. 1871ರಲ್ಲಿ ಕುಟುಂಬ ಜರ್ಮನಿಯ ಬ್ರೌನ್‌ಶ್ವೈಗ್ ಊರಿಗೆ ಬಂದು ನೆಲೆಸಿತು. ಆಗ್ನೆಸ್ ಮುಂದಿನ ಜೀವನವೆಲ್ಲ ಕಳೆದದ್ದು ಅದೇ ಊರಲ್ಲಿ.

ಅಲ್ಲಿ ಹೆಣ್ಣುಮಕ್ಕಳ ಶಾಲೆಗೆ ಸೇರಿದರು. ವಿಜ್ಞಾನ ಅಂದ್ರೆ ಮೊದಲಿನಿಂದಲೂ ಇಷ್ಟ, ಅದರಲ್ಲೂ ಫಿಸಿಕ್ಸ್ ಅಂದ್ರೆ ಪ್ರಾಣ. ಆದರೆ ಶಾಲೆ ಮುಗಿದ ಮೇಲೆ ದಾರಿಯೂ ಮುಗಿಯಿತು. ಆ ಕಾಲದ ಜರ್ಮನಿಯಲ್ಲಿ ಹೆಣ್ಣುಮಕ್ಕಳಿಗೆ ಯೂನಿವರ್ಸಿಟಿಯಲ್ಲಿ ಪ್ರವೇಶವೇ ಇರಲಿಲ್ಲ. ಮಾರ್ಕ್ಸ್ ಕಡಿಮೆ ಬಂತು ಅಂತಲ್ಲ, ಫೀಸ್ ಕಟ್ಟಲಾಗಲಿಲ್ಲ ಅಂತಲೂ ಅಲ್ಲ. ಹೆಣ್ಣು ಅನ್ನೋ ಒಂದೇ ಕಾರಣ. ಮುಂದೆ ಕೆಲವು ವರ್ಷಗಳಲ್ಲಿ ಈ ನಿಯಮ ಸಡಿಲ ಆಗುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಹಾಸಿಗೆ ಹಿಡಿಯುವ ಸ್ಥಿತಿಗೆ ಬಂದಿದ್ದರು. ಮನೆಯ ಜವಾಬ್ದಾರಿ ಮಗಳ ಮೇಲೆ ಬಿತ್ತು. ಅಡುಗೆ, ಬಾಂಡೆ, ಔಷಧ, ಶುಶ್ರೂಷೆ, ದಿನ ಪೂರ್ತಿ ಇದೇ.

ಅವರಿಗೆ ಫ್ರೀಡ್ರಿಷ್ ಅನ್ನೋ ತಮ್ಮ ಇದ್ದರು, ಮೂರು ವರ್ಷ ಚಿಕ್ಕವರು. ತಮ್ಮನಿಗೆ ಯಾವ ಅಡ್ಡಿಯೂ ಇರಲಿಲ್ಲ. ಗಾಟಿಂಗೆನ್ ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಓದಿದರು, ಮುಂದೆ ಪ್ರೊಫೆಸರ್ ಆದರು. ಆಪ್ಟಿಕಲ್ ಕಮ್ಯುನಿಕೇಷನ್, ಲೇಸರ್ ಓದುವ ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ ಪೋಕೆಲ್ಸ್ ಎಫೆಕ್ಟ್ ಸಿಲಬಸ್‌ನಲ್ಲೇ ಬರುತ್ತೆ. ವಿದ್ಯುತ್ ಕ್ಷೇತ್ರ ಕೊಟ್ಟರೆ ಕೆಲವು ಹರಳುಗಳು ಬೆಳಕನ್ನು ಬಾಗಿಸುವ ರೀತಿ ಬದಲಾಗುತ್ತೆ ಅನ್ನೋದೇ ಅದು. ಆ ಪೋಕೆಲ್ಸ್ ಇವರೇ. ನಾವು ಈ ಹೆಸರನ್ನು ಮೊದಲ ಸಲ ಕೇಳಿದ್ದೂ ತಮ್ಮನ ಮೂಲಕವೇ, ಅಕ್ಕ ಒಬ್ಬರಿದ್ದರು ಅಂತ ಗೊತ್ತಾಗಿದ್ದು ಆಮೇಲೆ.

ತಮ್ಮ ಒಳ್ಳೆಯವರು. ತಾವು ಓದಿದ ಪುಸ್ತಕಗಳನ್ನು ಅಕ್ಕನಿಗೆ ತಂದುಕೊಡುತ್ತಿದ್ದರು. ಮುಂದೆ ವಿಜ್ಞಾನ ಪತ್ರಿಕೆಗಳು ಅಕ್ಕನ ಕೈಗೆ ಸಿಕ್ಕಿದ್ದೂ ಅವರಿಂದಲೇ. ಕಾಲೇಜು ಮನೆಗೇ ಬಂತು ಅಂತ ಇದನ್ನು ಹೊಗಳೋದಕ್ಕೆ ನಮಗೆ ಮನಸ್ಸು ಬರಲಿಲ್ಲ. ಬಾಗಿಲು ಹಾಕಿದ ಮೇಲೆ ಕಿಟಕಿಯಿಂದ ಸಿಕ್ಕಷ್ಟು ಬೆಳಕು ಅದು. ಆದರೆ ಅಷ್ಟರಲ್ಲೇ ಅವರು ಮಾಡಿದ್ದನ್ನು ನೋಡಿ.

ತಗಡಿನ ತೊಟ್ಟಿ

ಪಾತ್ರೆ ತೊಳೆಯುವ ನೀರನ್ನು ನಾವೆಲ್ಲ ನೋಡಿದ್ದೇವೆ. ಜಿಡ್ಡಿನ ಬಾಂಡೆ ಮುಳುಗಿಸಿದರೆ ನೀರಿನ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತವೆ. ಸಾಬೂನು ತಾಗಿದ ಕೂಡಲೇ ಅವು ಚದುರಿ ಹೋಗುತ್ತವೆ. ಎಷ್ಟೋ ಲಕ್ಷ ಹೆಣ್ಣುಮಕ್ಕಳು ದಿನಾ ಬೇಸರದಲ್ಲೇ ನೋಡುವ ಈ ದೃಶ್ಯವೇ ಆಗ್ನೆಸ್ ಅವರನ್ನು ಸಂಶೋಧನೆಗೆ ಹಚ್ಚಿತು ಅಂತ ಅವರ ಮನೆಯವರು ನೆನಪು ಮಾಡಿಕೊಂಡಿದ್ದಾರೆ. 1880ರ ಆಸುಪಾಸಿನಲ್ಲಿ, ಹದಿನೆಂಟು ವರ್ಷದ ಹೊತ್ತಿಗೆ, ಅವರು ಇದನ್ನು ಬರೀ ನೋಡೋದು ಬಿಟ್ಟು ಅಳೆಯೋದಕ್ಕೆ ಶುರು ಮಾಡಿದರು.

ಅಳೆಯಬೇಕಾದದ್ದು ಸರ್ಫೇಸ್ ಟೆನ್ಷನ್, ಕನ್ನಡದಲ್ಲಿ ಮೇಲ್ಮೈ ಎಳೆತ. ನೀರಿನ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ಕಡೆಯಿಂದಲೂ ಎಳೀತಾವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲೆ ಎಳೆಯುವವರಿಲ್ಲ. ಅದಕ್ಕೇ ನೀರಿನ ಮೇಲ್ಮೈ ಬಿಗಿದ ಹಾಳೆಯ ಹಾಗೆ ವರ್ತಿಸುತ್ತೆ, ಸೊಳ್ಳೆ ಅದರ ಮೇಲೆ ನಿಲ್ಲುತ್ತೆ. ಎಣ್ಣೆಯೋ ಸಾಬೂನೋ ಬಿದ್ದರೆ ಈ ಬಿಗಿತ ಕಡಿಮೆ ಆಗುತ್ತೆ.

ಕಷ್ಟ ಇರೋದು ಎಲ್ಲಿ ಅಂದ್ರೆ, ನೀರಿನ ಮೇಲ್ಮೈ ತುಂಬಾ ಬೇಗ ಮೈಲಿಗೆ ಆಗುತ್ತೆ. ಬೆರಳು ತಾಗಿದರೆ ಸಾಕು, ಬೆರಳಿನ ಜಿಡ್ಡು ಹರಡಿ ಲೆಕ್ಕವೆಲ್ಲ ಕೆಡುತ್ತೆ. ಒಂದೇ ಪ್ರಯೋಗಕ್ಕೆ ದಿನಕ್ಕೊಂದು ಉತ್ತರ ಬರುತ್ತೆ. ಆಗಿನ ದೊಡ್ಡ ದೊಡ್ಡ ಲ್ಯಾಬುಗಳಿಗೂ ಇದೇ ತಲೆನೋವು.

ಆಗ್ನೆಸ್ 1882ರಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ನೋಡಿದರೆ ಅಷ್ಟೇನಾ ಅನ್ನಿಸುತ್ತೆ. ತಗಡಿನ ಒಂದು ಉದ್ದನೆಯ ತೊಟ್ಟಿ. ಉದ್ದ 70 ಸೆಂಟಿಮೀಟರ್, ಅಗಲ 5, ಎತ್ತರ 2. ಅದಕ್ಕೆ ಅಂಚಿನವರೆಗೂ ನೀರು. ತೊಟ್ಟಿಗೆ ಅಡ್ಡಲಾಗಿ ಒಂದೂವರೆ ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿ, ನೀರಿಗೆ ತಾಗುವ ಹಾಗೆ. ಈ ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರೆ ಮೇಲ್ಮೈಯಲ್ಲಿರುವ ಜಿಡ್ಡೆಲ್ಲ ಒಂದು ಕಡೆಗೆ ಒತ್ತಿ ಹೋಗುತ್ತೆ, ಹಿಂದೆ ಸ್ವಚ್ಛ ನೀರು ಉಳಿಯುತ್ತೆ. ಕಸಬರಿಗೆಯಲ್ಲಿ ಅಂಗಳ ಗುಡಿಸಿದ ಹಾಗೆ ನೀರಿನ ಮೈ ಗುಡಿಸೋದು. ಎಳೆತ ಅಳೆಯೋದಕ್ಕೆ ಒಂದು ಪುಟ್ಟ ಬಿಲ್ಲೆ ಮತ್ತು ಔಷಧಿ ತೂಗುವಂಥ ಸಣ್ಣ ತಕ್ಕಡಿ. ಬಿಲ್ಲೆಯನ್ನು ನೀರಿಗೆ ತಾಗಿಸಿ, ಅದನ್ನು ಕಿತ್ತುಕೊಳ್ಳೋದಕ್ಕೆ ಎಷ್ಟು ತೂಕ ಬೇಕು ಅಂತ ನೋಡೋದು. ಹೆಚ್ಚು ತೂಕ ಬೇಕಾದರೆ ಎಳೆತ ಹೆಚ್ಚು.

ಆಮೇಲೆ ಸ್ವಚ್ಛ ನೀರಿನ ಮೇಲೆ ಒಂಚೂರು ಜಿಡ್ಡು ಬಿಟ್ಟು, ಪಟ್ಟಿ ಸರಿಸುತ್ತಾ ಅದಕ್ಕಿರುವ ಜಾಗವನ್ನು ಕಿರಿದು ಮಾಡುತ್ತಾ ಹೋದರು. ಕಂಡದ್ದು ಇದು: ಜಾಗ ವಿಶಾಲವಾಗಿ ಇರೋವರೆಗೆ ಜಿಡ್ಡು ಇದ್ದರೂ ಎಳೆತ ಬದಲಾಗೋದಿಲ್ಲ, ಸ್ವಚ್ಛ ನೀರಿನದ್ದೇ ಇರುತ್ತೆ. ಒಂದು ಗೊತ್ತಾದ ಮಿತಿಗೆ ಬಂದ ಕೂಡಲೇ ಎಳೆತ ದಡದಡ ಕುಸಿಯುತ್ತೆ. ಮತ್ತೆ ಜಾಗ ಹಿಗ್ಗಿಸಿದರೆ ಎಳೆತ ವಾಪಸ್.

ನಾವು ಇದನ್ನು ಬಸ್ಸಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆವು. ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಖಾಲಿ ಬಸ್ಸಿಗೆ ಹತ್ತು ಜನ ಹತ್ತಿದರೆ ಯಾರಿಗೂ ಯಾರ ಮೈಯೂ ತಾಗೋದಿಲ್ಲ. ಜಾತ್ರೆ ದಿನ ಬಸ್ ತುಂಬಿ ಎಲ್ಲರೂ ಒತ್ತಾಗಿ ನಿಂತ ಮೇಲೆ ಇನ್ನೊಬ್ಬ ಹತ್ತಿದರೂ ಕೊನೆಯವರವರೆಗೂ ಒತ್ತಡ ಗೊತ್ತಾಗುತ್ತೆ. ಅಣುಗಳೂ ಹಾಗೆಯೇ. ಆ ಮಿತಿಯಲ್ಲಿ ಅವು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ, ಒಂದರ ಮೇಲೊಂದು ಇನ್ನೂ ಹತ್ತಿರೋದಿಲ್ಲ. ಅಂದರೆ ಒಂದೇ ಅಣುವಿನಷ್ಟು ದಪ್ಪದ ಪದರ, ಮೋನೋಲೇಯರ್. ಸ್ಟಿಯರಿಕ್ ಆಸಿಡ್‌ನಂಥ ಕೊಬ್ಬಿನ ಆಮ್ಲಗಳಲ್ಲಿ ಒಂದು ಅಣುವಿಗೆ ಸಿಗುವ ಜಾಗ ಸುಮಾರು 0.2 ಚದರ ನ್ಯಾನೋಮೀಟರ್.

ಕ್ಯಾಲ್ಕುಲೇಟರ್ ತೆಗೆದು ನಾವೂ ಒಂದು ಲೆಕ್ಕ ಹಾಕಿದೆವು. ತೊಟ್ಟಿಯ ಮೇಲ್ಮೈ 70 ಗುಣಿಸು 5, ಅಂದರೆ 350 ಚದರ ಸೆಂಟಿಮೀಟರ್. ಒಂದು ಅಣುವಿಗೆ 0.2 ಚದರ ನ್ಯಾನೋಮೀಟರ್ ಅಂದರೆ ಪೂರ್ತಿ ಮುಚ್ಚೋದಕ್ಕೆ ಬೇಕಾದ ಸ್ಟಿಯರಿಕ್ ಆಸಿಡ್ ಸುಮಾರು 0.08 ಮಿಲಿಗ್ರಾಂ! ಪದರದ ದಪ್ಪ ಸುಮಾರು 2.5 ನ್ಯಾನೋಮೀಟರ್. ಗದ್ದೆಯ ಮೇಲೆ ಬಣ್ಣ ಕಾಣುವ ಡೀಸೆಲ್ ಪದರ ಇದಕ್ಕಿಂತ ನೂರಾರು ಪಟ್ಟು ದಪ್ಪ ಇರುತ್ತೆ. ಬಣ್ಣ ಮಾಯವಾಯಿತು ಅಂದ್ರೆ ಎಣ್ಣೆ ಹೋಯಿತು ಅಂತಲ್ಲ, ಬೆಳಕಿಗೂ ಸಿಗದಷ್ಟು ತೆಳುವಾಯಿತು ಅಂತ. ಕಣ್ಣಿಗೆ ಕಾಣದ ಆ ಪದರವನ್ನು ಆಗ್ನೆಸ್ ತಗಡು, ಬಿಲ್ಲೆ, ತಕ್ಕಡಿ ಇಷ್ಟರಲ್ಲೇ ಹಿಡಿದಿದ್ದರು. ಅಣು ಅನ್ನೋದು ನಿಜವಾಗಿ ಇದೆಯೋ ಇಲ್ಲವೋ ಅಂತ ದೊಡ್ಡವರೇ ಇನ್ನೂ ವಾದ ಮಾಡುತ್ತಿದ್ದ ಕಾಲ ಅದು.

ಒಂದು ಕಾಗದ

ಇಷ್ಟೆಲ್ಲ ಕಂಡುಹಿಡಿದರೂ ಸುಮಾರು ಹತ್ತು ವರ್ಷ ಹೊರಗಿನ ಪ್ರಪಂಚಕ್ಕೆ ಅದು ಗೊತ್ತಾಗಲಿಲ್ಲ. ಡಿಗ್ರಿ ಇಲ್ಲ, ಗೈಡ್ ಇಲ್ಲ, ಕಾಲೇಜಿನ ಹೆಸರಿಲ್ಲ. ಇವರ ಲೇಖನ ಯಾವ ಪತ್ರಿಕೆ ತಗೊಳ್ಳುತ್ತೆ? ಪ್ರಯೋಗದ ನೋಟ್ ಪುಸ್ತಕ ಮಾತ್ರ ತುಂಬುತ್ತಾ ಹೋಯಿತು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಲಾರ್ಡ್ ರೇಲೀ ನೀರಿನ ಮೇಲೆ ಎಣ್ಣೆ ಹರಡುವ ಬಗ್ಗೆ ಪ್ರಯೋಗ ಮಾಡುತ್ತಿದ್ದರು. ಆಕಾಶ ಯಾಕೆ ನೀಲಿ ಅಂತ ವಿವರಿಸಿದ ರೇಲೀ ಸ್ಕ್ಯಾಟರಿಂಗ್ ಇವರದ್ದೇ. ಮುಂದೆ 1904ರಲ್ಲಿ ಆರ್ಗಾನ್ ಕಂಡುಹಿಡಿದದ್ದಕ್ಕೆ ನೊಬೆಲ್ ಪಡೆದವರು. 1890ರಲ್ಲಿ ಬಂದ ಅವರ ಕೆಲಸದ ಸುದ್ದಿ ಆಗ್ನೆಸ್ ಅವರಿಗೆ ತಲುಪಿತು. ಓದಿದರೆ ತಾವು ವರ್ಷಗಳ ಹಿಂದೆಯೇ ಅಡುಗೆಮನೆಯಲ್ಲಿ ನೋಡಿದ ಸಂಗತಿ! ನಮ್ಮಲ್ಲಿ ಯಾರಾದರೂ ಆಗಿದ್ದರೆ, ಅಯ್ಯೋ ನನ್ನ ಐಡಿಯಾ ಹೋಯಿತು ಅಂತ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತಿದ್ದೆವೇನೋ. ಅವರು 1891ರ ಜನವರಿ 10ರಂದು ರೇಲೀ ಅವರಿಗೇ ಒಂದು ಕಾಗದ ಬರೆದರು, ತಮಗೆ ಬರುವ ಜರ್ಮನ್ ಭಾಷೆಯಲ್ಲೇ. ಪರಿಚಯ ಇಲ್ಲದೆ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳಿ, ತಾವೂ ಇದೇ ವಿಷಯದಲ್ಲಿ ಕೆಲಸ ಮಾಡಿರುವುದಾಗಿ ತಿಳಿಸಿ, ಪತ್ರಿಕೆಗಳಲ್ಲಿ ಪ್ರಕಟಿಸುವ ಅನುಕೂಲ ತಮಗಿಲ್ಲ ಅಂತ ಹೇಳಿ, ತೊಟ್ಟಿಯ ಅಳತೆ, ಪ್ರಯೋಗದ ಕ್ರಮ, ಸಿಕ್ಕ ಫಲಿತಾಂಶ ಎಲ್ಲವನ್ನೂ ವಿವರವಾಗಿ ಕೊಟ್ಟರು.

ಈ ಕಥೆ ಇಲ್ಲಿ ಬೇರೆ ಥರ ತಿರುಗಬಹುದಿತ್ತು. ರೇಲೀ ಕಾಗದವನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು. ಇಲ್ಲವೇ ಒಳ್ಳೆಯ ಭಾಗವನ್ನೆಲ್ಲ ತಮ್ಮ ಮುಂದಿನ ಲೇಖನಕ್ಕೆ ಸೇರಿಸಿಕೊಂಡು ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅವರ ಹೆಂಡತಿ ಕಾಗದವನ್ನು ಇಂಗ್ಲಿಷಿಗೆ ಅನುವಾದ ಮಾಡಿಕೊಟ್ಟರು. ರೇಲೀ ಅದನ್ನು ನೇಚರ್ ಪತ್ರಿಕೆಯ ಸಂಪಾದಕರಿಗೆ ಕಳಿಸಿ, ಜರ್ಮನಿಯ ಒಬ್ಬ ಮಹಿಳೆ ಮನೆಯಲ್ಲಿರುವ ಸಾಧಾರಣ ಸಾಮಾನುಗಳಿಂದಲೇ ಬೆಲೆಬಾಳುವ ಫಲಿತಾಂಶ ಪಡೆದಿದ್ದಾರೆ, ಇದನ್ನು ಪ್ರಕಟಿಸಬೇಕು ಅಂತ ಕೇಳಿಕೊಂಡರು. ಮೊದಲ ಭಾಗ ತಮ್ಮದೇ ಕೆಲಸದ ಜೊತೆ ಹೊಂದುತ್ತದೆ ಅಂತಲೂ ಒಪ್ಪಿಕೊಂಡರು. 1891ರ ಮಾರ್ಚ್ 12ರ ನೇಚರ್ ಸಂಚಿಕೆಯಲ್ಲಿ ಆ ಕಾಗದ ಆಗ್ನೆಸ್ ಪೋಕೆಲ್ಸ್ ಅವರ ಹೆಸರಿನಲ್ಲೇ ಅಚ್ಚಾಯಿತು. ಜಗತ್ತಿನ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ, ಯಾವತ್ತೂ ಕಾಲೇಜು ಮೆಟ್ಟಿಲು ಹತ್ತದವರ ಲೇಖನ. ಆಗ ಅವರಿಗೆ 29 ವರ್ಷ.

ಮನೆ, ಕಾಯಿಲೆ, ಕೆಲಸ

ಇಷ್ಟಾದ ಮೇಲೆ ಜೀವನ ಪೂರ್ತಿ ಬದಲಾಯಿತು ಅಂತ ಬರೆಯೋಕೆ ನಮಗೂ ಆಸೆ. ಹಾಗೆ ಆಗಲಿಲ್ಲ. ಮನೆ ಅದೇ, ಅಡುಗೆಮನೆ ಅದೇ. ಆದರೆ ಲೇಖನಗಳು ಮುಂದುವರಿದವು. 1892ರಿಂದ 1894ರವರೆಗೆ ನೇಚರ್‌ನಲ್ಲೇ ಇನ್ನಷ್ಟು ಬರಹ ಬಂದವು. ಅದರಲ್ಲಿ ಒಂದು ಸಣ್ಣ ಉಪಾಯವನ್ನು ಇವತ್ತಿಗೂ ಲ್ಯಾಬುಗಳಲ್ಲಿ ಬಳಸುತ್ತಾರೆ. ಗಟ್ಟಿ ಇರುವ ಪದಾರ್ಥವನ್ನು ನೀರಿನ ಮೇಲೆ ಸಮವಾಗಿ ಹರಡೋದು ಹೇಗೆ? ಅದನ್ನು ಬೆಂಜೀನ್‌ನಲ್ಲಿ ಕರಗಿಸಿ, ಲೆಕ್ಕದ ಹನಿ ನೀರಿನ ಮೇಲೆ ಬಿಟ್ಟರು. ಬೆಂಜೀನ್ ಆರಿಹೋಗುತ್ತೆ, ಪದಾರ್ಥ ಮಾತ್ರ ತೆಳ್ಳಗೆ ಹರಡಿ ಉಳಿಯುತ್ತೆ. ಎಷ್ಟು ಹನಿ ಬಿಟ್ಟಿದ್ದೇವೆ ಅಂತ ಗೊತ್ತಿರೋದರಿಂದ ಎಷ್ಟು ಅಣು ಇವೆ ಅನ್ನೋದೂ ಲೆಕ್ಕಕ್ಕೆ ಸಿಗುತ್ತೆ. ಈಗ ಬೆಂಜೀನ್ ಬದಲು ಹೆಚ್ಚಾಗಿ ಕ್ಲೋರೋಫಾರ್ಮ್ ಬಳಸುತ್ತಾರೆ, ಉಪಾಯ ಅದೇ.

ಚಾರ್ಲ್ಸ್ ಡಾರ್ವಿನ್ ಅವರ ಮಗ ಜಾರ್ಜ್ ಡಾರ್ವಿನ್ ಸಮುದ್ರದ ಉಬ್ಬರವಿಳಿತದ ಬಗ್ಗೆ ಬರೆದ ಪುಸ್ತಕವನ್ನು ಆಗ್ನೆಸ್ ಜರ್ಮನ್‌ಗೆ ಅನುವಾದ ಮಾಡಿದರು, ಅದು 1902ರಲ್ಲಿ ಬಂತು. ಆದರೆ ಮನೆಯವರ ಕಾಯಿಲೆ ಹೆಚ್ಚಾದ ಹಾಗೆ ಪ್ರಯೋಗಕ್ಕೆ ಸಿಗುವ ಹೊತ್ತು ಕಡಿಮೆಯಾಯಿತು. ಅವರ ಆರೋಗ್ಯವೂ ಅಷ್ಟಕ್ಕಷ್ಟೇ. 1906ರಲ್ಲಿ ತಂದೆ ಹೋದರು. 1913ರಲ್ಲಿ ಪುಸ್ತಕ ತಂದುಕೊಡುತ್ತಿದ್ದ ತಮ್ಮ ತೀರಿಕೊಂಡರು, 1914ರಲ್ಲಿ ತಾಯಿ. ಅದೇ ವರ್ಷ ಮೊದಲ ಮಹಾಯುದ್ಧ ಶುರು. ಹೊರಗಿನ ವಿಜ್ಞಾನದ ಜೊತೆ ಇದ್ದ ನಂಟು ಕಡಿದ ಹಾಗಾಯಿತು. ಮನೆಯ ಜವಾಬ್ದಾರಿ ಮುಗಿಯುವ ಹೊತ್ತಿಗೆ ಅವರಿಗೆ 52 ವರ್ಷ.

ಆ ನಡುವೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲ್ಯಾಬಿನಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅನ್ನುವ ವಿಜ್ಞಾನಿ ಇದೇ ತೊಟ್ಟಿಯನ್ನು ಸುಧಾರಿಸಿ, ಪದರದ ಒತ್ತಡವನ್ನು ನೇರವಾಗಿ ಅಳೆಯುವ ತಕ್ಕಡಿ ಸೇರಿಸಿದರು. 1917ರಲ್ಲಿ ಬಂದ ಅವರ ಲೇಖನ ಅಣುಗಳು ನೀರಿನ ಮೇಲೆ ಹೇಗೆ ನಿಂತಿರುತ್ತವೆ ಅಂತ ವಿವರಿಸಿತು: ನೀರನ್ನು ಇಷ್ಟಪಡುವ ತಲೆ ನೀರಿನಲ್ಲಿ, ಎಣ್ಣೆಯಂಥ ಬಾಲ ಮೇಲಕ್ಕೆ, ಸಸಿ ನಾಟಿದ ಹಾಗೆ ಸಾಲಾಗಿ. ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ ಅವರಿಗೆ 1932ರಲ್ಲಿ ನೊಬೆಲ್ ಬಂತು. ಲ್ಯಾಂಗ್‌ಮ್ಯೂರ್ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ಯಾವ ಕ್ಯಾಟಲಾಗ್ ತೆಗೆದರೂ ಆ ಉಪಕರಣದ ಹೆಸರು ಲ್ಯಾಂಗ್‌ಮ್ಯೂರ್ ಟ್ರಫ್. ಪೋಕೆಲ್ಸ್ ಹೆಸರು ಗೊತ್ತಿರುವವರು ಮಾತ್ರ ಅದನ್ನು ನೆನಪಿಸುತ್ತಾರೆ.

ಕೊನೆಗಾಲದಲ್ಲಿ ಊರು ಅವರನ್ನು ಗುರುತಿಸಿತು. 1931ರಲ್ಲಿ ಕೊಲಾಯ್ಡ್ ವಿಜ್ಞಾನಿಗಳ ಸಂಘ, ಫ್ರಾನ್ಸಿನ ಹೆನ್ರಿ ದೆವೋ ಅವರ ಜೊತೆ ಇವರಿಗೆ ಲಾರಾ ಲಿಯೊನಾರ್ಡ್ ಬಹುಮಾನ ಕೊಟ್ಟಿತು. 1932ರಲ್ಲಿ, ಲ್ಯಾಂಗ್‌ಮ್ಯೂರ್‌ಗೆ ನೊಬೆಲ್ ಬಂದ ವರ್ಷವೇ, ಬ್ರೌನ್‌ಶ್ವೈಗ್‌ನ ಟೆಕ್ನಿಕಲ್ ಯೂನಿವರ್ಸಿಟಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಎಂಜಿನಿಯರಿಂಗ್ ಡಾಕ್ಟರೇಟ್! ತಮ್ಮ ಊರಿನಲ್ಲೇ ಇದ್ದ ಆ ಸಂಸ್ಥೆಯಲ್ಲಿ ಇಪ್ಪತ್ತನೇ ವಯಸ್ಸಿನಲ್ಲಿ ಓದಬೇಕಾಗಿದ್ದವರಿಗೆ ಎಪ್ಪತ್ತನೇ ವಯಸ್ಸಿನಲ್ಲಿ ಪದವಿ ಸಿಕ್ಕಿತು. ಸಂತೋಷದ ಸುದ್ದಿ ಅಂತಲೇ ಬರೆಯಬೇಕು, ಆದರೆ ನಡುವಿನ ಐವತ್ತು ವರ್ಷದ ಲೆಕ್ಕ ಯಾರು ಕೊಡ್ತಾರೆ? 1935ರ ನವೆಂಬರ್ 21ರಂದು ಆಗ್ನೆಸ್ ಬ್ರೌನ್‌ಶ್ವೈಗ್‌ನಲ್ಲೇ ತೀರಿಕೊಂಡರು.

ತೊಟ್ಟಿಯಿಂದ ಜೀವಕೋಶದವರೆಗೆ

ಅವರ ತೊಟ್ಟಿ ಮಾತ್ರ ಪಯಣ ಮುಂದುವರಿಸಿತು. ಅವರು ಇನ್ನೂ ಬದುಕಿದ್ದಾಗಲೇ, 1925ರಲ್ಲಿ, ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ರಕ್ತದ ಕೆಂಪು ಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ, ಇಂಥದ್ದೇ ತೊಟ್ಟಿಯ ನೀರಿನ ಮೇಲೆ ಹರಡಿದರು. ಆ ಪದರದ ವಿಸ್ತೀರ್ಣ ಕಣಗಳ ಮೈಯ ವಿಸ್ತೀರ್ಣಕ್ಕಿಂತ ಸುಮಾರು ಎರಡು ಪಟ್ಟು ಬಂತು. ಅಂದರೆ ಜೀವಕೋಶದ ಹೊರಪೊರೆ ಎರಡು ಅಣು ದಪ್ಪ ಇರಬೇಕು! ಪಿಯುಸಿ ಬಯಾಲಜಿಯಲ್ಲಿ ನಾವು ಬಾಯಿಪಾಠ ಮಾಡಿದ ಲಿಪಿಡ್ ಬೈಲೇಯರ್ ಹುಟ್ಟಿದ್ದು ಹೀಗೆ.

1957ರಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ಸ್ ಶ್ವಾಸಕೋಶದಿಂದ ತೆಗೆದ ದ್ರವವನ್ನು ಇದೇ ರೀತಿಯ ತೊಟ್ಟಿಯಲ್ಲಿ ಹರಡಿ ಪಟ್ಟಿ ಸರಿಸಿದರು. ಜಾಗ ಕಿರಿದಾದ ಹಾಗೆ ಎಳೆತ ತುಂಬಾ ಕೆಳಗೆ ಇಳಿಯಿತು. ನಾವು ಉಸಿರು ಬಿಟ್ಟಾಗ ಶ್ವಾಸಕೋಶದ ಪುಟ್ಟ ಚೀಲಗಳು ಮುದುರಿ ಅಂಟಿಕೊಳ್ಳದ ಹಾಗೆ ಕಾಯೋದು ಈ ಪದರವೇ. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್, ದಿನ ತುಂಬುವ ಮೊದಲೇ ಹುಟ್ಟಿ ಉಸಿರಾಟದ ತೊಂದರೆಯಿಂದ ಸಾಯುವ ಮಕ್ಕಳ ಶ್ವಾಸಕೋಶದಲ್ಲಿ ಈ ಪದಾರ್ಥದ ಕೊರತೆ ಇರುತ್ತೆ ಅಂತ ತೋರಿಸಿದರು. ಇವತ್ತು ಅಂಥ ಮಕ್ಕಳಿಗೆ ಆಸ್ಪತ್ರೆಯಲ್ಲಿ ಸರ್ಫ್ಯಾಕ್ಟೆಂಟ್ ಔಷಧ ಕೊಡುತ್ತಾರೆ. ಪಾತ್ರೆ ತೊಳೆಯುವ ನೀರಿನಲ್ಲಿ ಶುರುವಾದ ಕುತೂಹಲ ಎಳೆಗೂಸಿನ ಉಸಿರಿನವರೆಗೆ ಹೋಗಿದೆ.

ಮುಂದಿನ ಹೆಜ್ಜೆ ನೀರಿನಿಂದ ಗಟ್ಟಿ ನೆಲಕ್ಕೆ. ಲ್ಯಾಂಗ್‌ಮ್ಯೂರ್ ಜೊತೆ ಕೆಲಸ ಮಾಡಿದ ಕ್ಯಾಥರೀನ್ ಬ್ಲಾಡ್ಜೆಟ್ ನೀರಿನ ಮೇಲಿನ ಪದರವನ್ನು ಗಾಜಿನ ಮೇಲೆ ಒಂದಾದ ಮೇಲೊಂದು ಎತ್ತಿಕೊಳ್ಳುವ ವಿಧಾನ ಕೊಟ್ಟರು. 1983ರಲ್ಲಿ ನುಜ್ಜೊ ಮತ್ತು ಅಲಾರಾ ಇನ್ನೊಂದು ದಾರಿ ತೋರಿಸಿದರು. ಇಲ್ಲಿ ನಮ್ಮ ಲಿಂಗಸುಗೂರಿನ ಗೆಳೆಯರಿಗೆ ಕಿವಿ ನಿಮಿರಿತು, ಯಾಕಂದ್ರೆ ಇದರ ನೆಲ ಚಿನ್ನ. ಹಟ್ಟಿ ಚಿನ್ನದ ಗಣಿ ಇರೋದು ಲಿಂಗಸುಗೂರು ತಾಲೂಕಿನಲ್ಲೇ. ಚಿನ್ನ ತುಕ್ಕು ಹಿಡಿಯೋದಿಲ್ಲ, ಸುಲಭಕ್ಕೆ ಯಾರ ಜೊತೆಗೂ ಸೇರೋದಿಲ್ಲ. ಆದರೆ ಗಂಧಕ ಅಂದ್ರೆ ಅದಕ್ಕೆ ಬಲು ನಂಟು. ಒಂದು ತುದಿಯಲ್ಲಿ ಗಂಧಕ ಇರುವ ಉದ್ದನೆಯ ಅಣುಗಳ ದ್ರಾವಣದಲ್ಲಿ ಚಿನ್ನ ಸವರಿದ ಗಾಜನ್ನು ಅದ್ದಿಟ್ಟರೆ, ಗಂಧಕದ ತುದಿ ಚಿನ್ನಕ್ಕೆ ಅಂಟಿ, ಅಣುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒತ್ತೋದಕ್ಕೆ ಪಟ್ಟಿಯೂ ಬೇಡ. ಇನ್ನೊಂದು ತುದಿಯಲ್ಲಿ ಏನಿರಬೇಕು ಅನ್ನೋದು ನಮ್ಮ ಕೈಯಲ್ಲಿ.

ಇದರ ಬೆಲೆ ಗೊತ್ತಾಗೋದು ಪ್ರೋಟೀನ್ ವಿಷಯಕ್ಕೆ ಬಂದಾಗ. ಪ್ರೋಟೀನ್‌ಗಳು ಸಿಕ್ಕಸಿಕ್ಕ ಮೇಲ್ಮೈಗೆಲ್ಲ ಅಂಟಿಕೊಳ್ಳುವ ಸ್ವಭಾವದವು. ಹಾಗಾಗಿ ಜೀವಕೋಶ ಯಾವ ಪ್ರೋಟೀನನ್ನು ಹಿಡಿದು ಕೂತಿದೆ ಅಂತ ಹೇಳೋದೇ ಕಷ್ಟ. 1991ರಲ್ಲಿ ಪ್ರೈಮ್ ಮತ್ತು ವೈಟ್‌ಸೈಡ್ಸ್, ಅಣುವಿನ ತುದಿಯಲ್ಲಿ ಎಥಿಲೀನ್ ಗ್ಲೈಕಾಲ್ ಸರಪಳಿ ಇಟ್ಟರೆ ಪ್ರೋಟೀನ್ ಅಂಟೋದಿಲ್ಲ ಅಂತ ತೋರಿಸಿದರು. ಎಲ್ಲಿ ಅಂಟಬೇಕು, ಎಲ್ಲಿ ಅಂಟಬಾರದು ಅಂತ ಈಗ ರಂಗೋಲಿ ಹಾಕಿದ ಹಾಗೆ ಹಾಕಬಹುದು. 1997ರಲ್ಲಿ ಚೆನ್, ಮಿರ್ಕ್‌ಸಿಚ್, ವೈಟ್‌ಸೈಡ್ಸ್, ಇಂಗ್ಬರ್ ಮತ್ತವರ ಜೊತೆಗಾರರು ಹೀಗೆ ಅಂಟುವ ಪುಟ್ಟ ಪುಟ್ಟ ದ್ವೀಪಗಳನ್ನು ಮಾಡಿ, ರಕ್ತನಾಳದ ಒಳಪದರದ ಜೀವಕೋಶಗಳನ್ನು ಅವುಗಳ ಮೇಲೆ ಕೂರಿಸಿದರು. ದೊಡ್ಡ ದ್ವೀಪದಲ್ಲಿ ಮೈಚಾಚಿದ ಕೋಶ ಬದುಕಿತು, ಬೆಳೆಯಿತು. ಚಿಕ್ಕದರಲ್ಲಿ ಮುದುರಿ ಕೂತ ಕೋಶ ತಾನಾಗಿಯೇ ಸತ್ತಿತು. ಊಟ ಒಂದೇ, ಪ್ರೋಟೀನ್ ಒಂದೇ. ವ್ಯತ್ಯಾಸ ಹರಡಿಕೊಳ್ಳೋದಕ್ಕೆ ಸಿಕ್ಕ ಜಾಗದಲ್ಲಿ.

ಈ ವಾಕ್ಯ ಬರೆದಾಗ ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆಗ್ನೆಸ್ ನೆನಪಾದರು. ನಮ್ಮ ಊರುಗಳಲ್ಲಿ ಹತ್ತನೇ ಕ್ಲಾಸಿನಲ್ಲಿ ನಮಗಿಂತ ಹೆಚ್ಚು ಮಾರ್ಕ್ಸ್ ತಗೊಂಡು ಆಮೇಲೆ ಮನೆಯಲ್ಲೇ ಉಳಿದ ಹುಡುಗಿಯರೂ ನೆನಪಾದರು. ಮನುಷ್ಯರು ಜೀವಕೋಶಗಳಲ್ಲ, ಅಷ್ಟು ಸುಲಭಕ್ಕೆ ಸಾಯೋದಿಲ್ಲ, ಆಗ್ನೆಸ್ 5 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲೇ ಜಾಗ ಮಾಡಿಕೊಂಡರು. ಹಾಗಂತ ಎಲ್ಲರಿಗೂ ತೊಟ್ಟಿಯೇ ಸಾಕು ಅನ್ನೋದು ನ್ಯಾಯ ಅಲ್ಲ.

ಹೆಸರಿನ ಮಾತು

ಮಸ್ಕಿಯ ಗೆಳೆಯರು ಕೊನೆಗೆ ಒಂದು ಮಾತು ಸೇರಿಸಬೇಕು ಅಂದರು. ಅಶೋಕನ ಶಾಸನಗಳು ದೇಶದ ತುಂಬಾ ಸಿಕ್ಕಿದ್ದವು. ಆದರೆ ಅವುಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳು. ಆ ರಾಜ ಅಶೋಕನೇ ಅಂತ ವಿದ್ವಾಂಸರು ಶ್ರೀಲಂಕಾದ ಗ್ರಂಥಗಳ ಜೊತೆ ಹೋಲಿಸಿ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಾ ಬಂದ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಶಾಸನ ಕಂಡರು. ಅದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಹೆಸರಿರುವ ಶಾಸನ ಸಿಕ್ಕಿದ್ದು ಅದೇ ಮೊದಲು. ಚಕ್ರವರ್ತಿಯ ಹೆಸರು ಗಟ್ಟಿಯಾಗೋದಕ್ಕೂ ಯಾರೋ ಒಬ್ಬ ಎಂಜಿನಿಯರ್ ಬಂಡೆಯ ಹತ್ತಿರ ನಿಂತು ನೋಡಬೇಕಾಯಿತು.

ಆಗ್ನೆಸ್ ಪಾಲಿಗೆ ಹಾಗೆ ನಿಂತು ನೋಡಿದವರು ರೇಲೀ. ಅವರು ಆ ಕಾಗದವನ್ನು ಮುಂದಕ್ಕೆ ಕಳಿಸಿದ್ದರಿಂದಲೇ ನಾವು ಇವತ್ತು ಇದನ್ನು ಬರೆಯುತ್ತಿದ್ದೇವೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಾರ ಹೆಸರು ಹಾಕೋದು, ಯಾರದ್ದು ಬಿಡೋದು ಅಂತ ಪ್ರತಿ ಸೆಮಿಸ್ಟರ್ ನಾವೂ ತೀರ್ಮಾನ ಮಾಡುತ್ತೇವಲ್ಲ, ಆಗ ಇದು ನೆನಪಿರಲಿ.

ಇವತ್ತು ರಾತ್ರಿ ಮೆಸ್ಸಿನಲ್ಲಿ ಒಂದು ಕೆಲಸ ಮಾಡಿ. ಚೆನ್ನಾಗಿ ತೊಳೆದ ತಟ್ಟೆಗೆ ನೀರು ತುಂಬಿ, ಮೇಲೆ ಚಿಟಿಕೆ ಮೆಣಸಿನ ಪುಡಿ ಉದುರಿಸಿ. ಬೆರಳ ತುದಿಗೆ ಪಾತ್ರೆ ತೊಳೆಯುವ ಸಾಬೂನು ಹಚ್ಚಿ ನಡುವೆ ಮೆಲ್ಲಗೆ ತಾಗಿಸಿ. ಪುಡಿಯೆಲ್ಲ ಸರ್ರನೆ ಅಂಚಿಗೆ ಓಡುತ್ತೆ. ಯಾಕೆ ಓಡಿತು ಅಂತ ಪಕ್ಕದಲ್ಲಿ ಕೂತವರು ಕೇಳಿದರೆ ಕಾರಣ ಹೇಳಿ. ಜೊತೆಗೆ ಅವರ ಹೆಸರನ್ನೂ ಹೇಳಿ: ಆಗ್ನೆಸ್ ಪೋಕೆಲ್ಸ್.